ನಾಗಭೂಷಣ ಸರ್ ಬರೆದ ಸಮುದ್ರ

ಕಳೆದ ತಿಂಗಳು ಅಮ್ಮನ ಕನ್ನಡಕ ರಿಪೇರಿಗೆ ಕೊಟ್ಟು ಚಾಮರಾಜಪೇಟೆಯಲ್ಲಿ ನಡೆದು ಬರುತ್ತಿದ್ದಾಗ ಮಳೆ ಹಿಡಿದುಕೊಂಡಿತು. ಕೊಡೆ ತಡೆಯುವಂಥ ಮಳೆಯಲ್ಲ. ಪಕ್ಕದಲ್ಲಿದ್ದ ಹಳೇ ಪೇಪರ್ ಅಂಗಡಿಯ ತಗಡಿನ ಸೂರಿನಡಿ ನುಗ್ಗಿದೆ. ಒಳಗೆ ಮಾಡಿನವರೆಗೂ ಕಟ್ಟುಗಳು. ಹೊರಗಿಟ್ಟಿದ್ದ ನಾಲ್ಕಾರು ಕಟ್ಟು ನೆನೆದು ಉಬ್ಬಿದ್ದವು. ಒದ್ದೆ ಕಾಗದದ ವಾಸನೆ ಮೂಗಿಗೆ ಬಡಿಯಿತು. ಸ್ವಲ್ಪ ಅಂಟಿನ ಹಾಗೆ, ಸ್ವಲ್ಪ ಹುಳಿ. ಅಂಗಡಿಯವರು ಸ್ಟೂಲು ಎಳೆದು, "ಕೂತ್ಕೊಳ್ಳಿ ಮೇಡಂ, ಇದು ಬೇಗ ನಿಲ್ಲಲ್ಲ" ಅಂದರು. ನನಗೆ ಕೂರಲಾಗಲಿಲ್ಲ. ಅವರು ನೋಡುತ್ತಿದ್ದ ಹಾಗೇ ಮಳೆಯಲ್ಲಿ ಇಳಿದು ನಡೆದುಬಿಟ್ಟೆ. ಮನೆ ಸೇರಿದಾಗ ಅಮ್ಮ, "ಕೊಡೆ ಇಟ್ಕೊಂಡು ಹೀಗಾ ನೆನೆಯೋದು?" ಎಂದು ಬೈದು ಟವಲು ಕೊಟ್ಟಳು. ತಲೆ ಒರೆಸಿಕೊಳ್ಳುತ್ತಾ ನಾನು ನಾಗಭೂಷಣ ಸರ್ ಬಗ್ಗೆ ಯೋಚಿಸುತ್ತಿದ್ದೆ. ಅವರ ಜೊತೆ ಇಂಥದೇ ಮಳೆಯಲ್ಲಿ, ಇಂಥದೇ ಅಂಗಡಿಯ ಮುಂದೆ ನಿಂತಿದ್ದೆ. ಆ ವರ್ಷದ ಕಥೆಯನ್ನು ಅಮ್ಮನಿಗೂ ಪೂರ್ತಿ ಹೇಳಿಲ್ಲ.

ಮೆಟ್ರೋ ಬರುತ್ತದೆ ಎಂಬ ಮಾತು ಮಾತ್ರ ಇದ್ದ ಕಾಲ ಅದು. ನನಗೆ ಇಪ್ಪತ್ತೇಳು. ಮಲ್ಲೇಶ್ವರಂನ ಆಚೆ ಕೊನೆಯಲ್ಲಿದ್ದ ಒಂದು ಸಂಶೋಧನಾ ಸಂಸ್ಥೆಯಲ್ಲಿ, ಸಮುದ್ರದ ಬಗ್ಗೆ ಕೆಲಸ ಮಾಡುವ ಪುಟ್ಟ ಗುಂಪಿಗೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದ್ದೆ. ಬೆಂಗಳೂರಿನಲ್ಲಿ ಕೂತು ಎಂಥ ಸಮುದ್ರ ಎಂದು ಎಲ್ಲರೂ ಕೇಳೋರು. ನಮ್ಮದು ಕಂಪ್ಯೂಟರಿನೊಳಗಿನ ಸಮುದ್ರ. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ಎರಡನ್ನೂ ಚೌಕಚೌಕವಾಗಿ, ಒಂದರ ಕೆಳಗೊಂದು ಪದರವಾಗಿ ವಿಂಗಡಿಸಿಕೊಂಡು, ಅದರ ಮೇಲೆ ಗಾಳಿ, ಬಿಸಿಲು, ಮಳೆ ಹಾಕಿ, ನೀರು ಎತ್ತ ಹರಿಯುತ್ತದೆ ಎಂದು ಲೆಕ್ಕ ಮಾಡುವ ದೊಡ್ಡ ಪ್ರೋಗ್ರಾಂ. ಅದನ್ನು ಮಾಡೆಲ್ ಅನ್ನುತ್ತಿದ್ದೆವು.

ನೀರಿನ ಹರಿವಿನ ಭಾಗ ಬೇರೆ ಕಡೆಯಿಂದ ತರಿಸಿಕೊಂಡದ್ದು. ನೀರಿನೊಳಗಿನ ಜೀವದ ಭಾಗವನ್ನು ಮಾತ್ರ ನಾಗಭೂಷಣ ಸರ್ ಒಬ್ಬರೇ ಹದಿನೈದು ವರ್ಷ ಕೂತು ಬರೆದಿದ್ದರು. ನೈಟ್ರೇಟು, ಆಮ್ಲಜನಕ, ಕಣ್ಣಿಗೆ ಕಾಣದ ಹಸಿರು ಸಸ್ಯಗಳು, ಅವನ್ನು ತಿನ್ನುವ ಸಣ್ಣ ಜೀವಿಗಳು, ಸತ್ತು ತಳಕ್ಕೆ ಇಳಿಯುವ ಕಣಗಳು. ನೀರಿನ ಜೊತೆ ಸಾಗುವ ಇವಕ್ಕೆಲ್ಲ ಒಟ್ಟಾಗಿ ಟ್ರೇಸರ್ ಎಂದು ಹೆಸರು. ಮೊದಲ ದಿನ ಅದನ್ನು ನನಗೆ ಬಸ್ಸಿನಲ್ಲೇ ವಿವರಿಸಿದ್ದರು.

"ನೋಡಮ್ಮ, ನೀರು ಅಂದ್ರೆ ಈ ಬಸ್ಸು. ಟ್ರೇಸರು ಅಂದ್ರೆ ನಾವು. ಮೆಜೆಸ್ಟಿಕ್ಕಲ್ಲಿ ಎಷ್ಟು ಜನ ಹತ್ತಿದ್ರು, ಎಷ್ಟು ಜನ ಇಳಿದ್ರು, ಒಳಗೆ ಎಷ್ಟು ಜನ ಇದಾರೆ. ಅಷ್ಟು ಸರಿ ಇದ್ರೆ ಆಯ್ತು. ಹತ್ತದೇ ಇರೋನು ಸೀಟಲ್ಲಿ ಕೂತಿದ್ರೆ ಲೆಕ್ಕ ಎಲ್ಲೋ ತಪ್ಪಿದೆ ಅಂತ ಅರ್ಥ."

ಪಕ್ಕದ ಸೀಟಿನವರು ನಮ್ಮನ್ನು ಕಂಡಕ್ಟರ್ ಕಡೆಯವರೇನೋ ಎನ್ನುವ ಹಾಗೆ ನೋಡಿದರು.

ಸರ್ ಇದ್ದದ್ದು ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ರಸ್ತೆ. ನಾನು ಚಾಮರಾಜಪೇಟೆ. ಸಂಜೆ ಒಂದೇ ಬಸ್ಸು. ಸರ್ ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ತುಂಬುತೋಳಿನ ಬಿಳಿ ಶರಟು. ಪಿಎಚ್‌ಡಿ ಮಾಡಿರಲಿಲ್ಲವಾದ್ದರಿಂದ ಕೊನೆಯವರೆಗೂ ತಾಂತ್ರಿಕ ಅಧಿಕಾರಿಯಾಗಿಯೇ ಉಳಿದರು. ಅವರ ಲೆಕ್ಕದಿಂದ ಬಂದ ಪ್ರಬಂಧಗಳಲ್ಲಿ ಅವರ ಹೆಸರು ಮೂರನೆಯದೋ ನಾಲ್ಕನೆಯದೋ ಆಗಿರುತ್ತಿತ್ತು. ಅದರ ಬಗ್ಗೆ ಅವರು ಮಾತಾಡಿದ್ದು ನಾನು ಕೇಳಿಲ್ಲ. ತೊಂಬತ್ತರ ದಶಕದಲ್ಲಿ ಒಮ್ಮೆ ಹಡಗಿನಲ್ಲಿ ನಲವತ್ತು ದಿನ ಹೋಗಿ ಬಾಟಲಿಗಳಲ್ಲಿ ನೀರು ತುಂಬಿಸಿ ತಂದಿದ್ದನ್ನು ಮಾತ್ರ ಬಹಳ ಸಂತೋಷದಿಂದ ಹೇಳೋರು. "ನಲವತ್ತು ದಿನಾನೂ ವಾಂತಿ. ಆದ್ರೂ ಆ ಹಸಿರು ನೋಡಿದ್ನಲ್ಲ, ಸಾಕು. ಮಳೆಗಾಲದಲ್ಲಿ ಸಮುದ್ರ ಹಸಿರಾಗತ್ತೆ ಶೈಲಾ, ನಮ್ ಗದ್ದೆ ಥರಾನೇ."

ಲೆಕ್ಕವನ್ನೆಲ್ಲ ಅವರು ಮೊದಲು ಕೈಯಲ್ಲಿ ಮಾಡುತ್ತಿದ್ದರು. ಕೆಂಪು ರಟ್ಟಿನ ಉದ್ದ ನೋಟ್‌ಬುಕ್ಕುಗಳು, ಹನ್ನೊಂದು. ಪ್ರತಿ ಸಮೀಕರಣ ಎಲ್ಲಿಂದ ಬಂತು, ಯಾಕೆ ಹಾಗೆ, ಹಡಗಿನಲ್ಲಿ ಅಳೆದದ್ದಕ್ಕೆ ಎಷ್ಟು ಹೊಂದುತ್ತದೆ, ಎಲ್ಲಾ ಅದರಲ್ಲಿತ್ತು. ಪ್ರೋಗ್ರಾಮಿನಲ್ಲಿ ಸಾಲುಗಳ ನಡುವೆ ಟಿಪ್ಪಣಿ ಬರೆಯುವಾಗಲೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಬಿಡೋರು. "ಇಲ್ಲಿ ಹುಷಾರು." "ಇದನ್ನು ಮುಟ್ಟಬೇಡಿ, ಕಾರಣ ಐದನೇ ಪುಸ್ತಕ."

ನನ್ನನ್ನು ತೆಗೆದುಕೊಂಡಿದ್ದು ಆ ಭಾಗವನ್ನು ಕಿತ್ತುಹಾಕುವುದಕ್ಕೆ.

ಹೀಗೆ ಹೇಳಿದರೆ ಕ್ರೂರವಾಗಿ ಕೇಳಿಸುತ್ತದೆ. ಆಗ ಯಾರಿಗೂ ಹಾಗನ್ನಿಸಿರಲಿಲ್ಲ. ಪ್ರಪಂಚದಲ್ಲಿ ಒಂದೊಂದು ಗುಂಪೂ ತನ್ನದೇ ರೀತಿಯಲ್ಲಿ ಸಮುದ್ರದ ಜೀವದ ಲೆಕ್ಕ ಬರೆದುಕೊಂಡಿತ್ತು. ಒಬ್ಬರ ಉತ್ತರವನ್ನು ಇನ್ನೊಬ್ಬರದಕ್ಕೆ ಹೋಲಿಸಲು ಆಗುತ್ತಿರಲಿಲ್ಲ. ಕೆಲವು ದೇಶಗಳ ವಿಜ್ಞಾನಿಗಳು ಸೇರಿ ಎಲ್ಲರಿಗೂ ಒಂದೇ ಆಗುವ ಹಾಗೆ ಈ ಲೆಕ್ಕಗಳ ಸಂಗ್ರಹವೊಂದನ್ನು ಬರೆದಿದ್ದರು. ಅದಕ್ಕೆ ಲೈಬ್ರರಿ ಅನ್ನುತ್ತಾರೆ. ಯಾರ ಮಾಡೆಲ್ಲಿಗಾದರೂ ಜೋಡಿಸಬಹುದು. ಅದನ್ನು ನಮ್ಮದಕ್ಕೆ ಜೋಡಿಸುವುದೇ ನನ್ನ ಕೆಲಸ. ಮನೆಯಲ್ಲಿ ಹೇಳಿದಾಗ ಅಮ್ಮ, "ಲೈಬ್ರರಿನಾ? ಪುಸ್ತಕ ಜೋಡ್ಸೋಕೆ ಎಂಎಸ್ಸಿ ಓದ್ಬೇಕಿತ್ತಾ?" ಅಂದಿದ್ದಳು. ಸರ್‌ಗೆ ಅದನ್ನು ಹೇಳಿದರೆ ಬಸ್ಸು ಕಾರ್ಪೊರೇಷನ್ ದಾಟುವವರೆಗೂ ನಕ್ಕರು.

ಅವರಿಗೆ ಬೇಜಾರಾಗಿತ್ತೋ ಇಲ್ಲವೋ ಗೊತ್ತಿಲ್ಲ. "ಆಗ್ಬೇಕಾದ್ದೇ. ನಾನು ಹೋದ್ಮೇಲೆ ಇದನ್ನ ಯಾರು ನೋಡ್ಕೋತಾರೆ? ಎಲ್ಲರ ಕೈಯಲ್ಲಿರೋದು ಒಳ್ಳೇದು" ಅಂದರು. ಸೆಪ್ಟೆಂಬರಿನಲ್ಲಿ ಅವರಿಗೆ ನಿವೃತ್ತಿ. ಆಮೇಲೂ ಎರಡು ವರ್ಷ ಇರಲಿ ಎಂದು ನಮ್ಮ ಪ್ರೊಫೆಸರ್ ಶಿಫಾರಸು ಬರೆದು ಕಳಿಸಿದ್ದರು.

ಜೂನ್ ಪೂರ್ತಿ ನಾವಿಬ್ಬರೂ ಕೂಡಿ ಕೂತೆವು. ಹೊರಗೆ ದಿನವೂ ಜಿಟಿಜಿಟಿ. ಕಿಟಕಿಯಾಚೆ ಹೊಂಗೆ ಮರ. ಅವರು ತಮ್ಮ ಪ್ರೋಗ್ರಾಮಿನ ಒಂದೊಂದು ತುಂಡನ್ನೂ ತೋರಿಸಿ, ಇದು ಇಂಥದ್ದು, ಲೈಬ್ರರಿಯಲ್ಲಿ ಇದಕ್ಕೆ ಬದಲು ಇದಿದೆ ಎಂದು ಹೇಳೋರು. ನಾನು ಅಳಿಸುತ್ತಿದ್ದೆ. ಒಂದೊಂದು ಸಲ, "ಒಂದ್ನಿಮಿಷ" ಎಂದು ತಡೆದು, ಅಳಿಸುವ ಮುಂಚೆ ಆ ಪುಟವನ್ನು ಇನ್ನೊಮ್ಮೆ ಓದಿ, "ಹೂಂ, ತೆಗಿ" ಅನ್ನೋರು. ಕೊನೆಗೆ ಅವರದೆಂದು ಉಳಿದದ್ದು ಒಂದೇ ಭಾಗ. ಸತ್ತ ಕಣಗಳು ಪದರದಿಂದ ಪದರಕ್ಕೆ ಮುಳುಗುವ ಲೆಕ್ಕ. ಅದನ್ನು ಲೈಬ್ರರಿ ಆಯಾ ಗುಂಪಿನ ಮಾಡೆಲ್ಲಿಗೇ ಬಿಟ್ಟಿತ್ತು.

ಜುಲೈ ಮಧ್ಯದಲ್ಲಿ ಹೊಸ ಜೋಡಣೆ ಓಡಿತು. ಚಿತ್ರಗಳೆಲ್ಲ ಚೆನ್ನಾಗಿ ಬಂದವು. ಸರ್ ಎಲ್ಲರಿಗೂ ಹೋಟೆಲಿನಿಂದ ಖಾರಾಬಾತು ತರಿಸಿದರು. ಅದರ ಮರುದಿನ ನಾನು ಒಟ್ಟು ಸಾರಜನಕ ಕೂಡಿಸಿ ನೋಡಿದೆ. ಅದು ಮೊದಲಿಂದ ಕೊನೆವರೆಗೆ ಒಂದೇ ಇರಬೇಕು. ನೈಟ್ರೇಟಿನಿಂದ ಸಸ್ಯಕ್ಕೆ, ಸಸ್ಯದಿಂದ ಕಣಕ್ಕೆ ಹೋಗಬಹುದೇ ಹೊರತು ಹೊಸದಾಗಿ ಹುಟ್ಟುವ ಹಾಗಿಲ್ಲ. ನಮ್ಮದರಲ್ಲಿ ಹುಟ್ಟುತ್ತಿತ್ತು. ಬಹಳ ಸ್ವಲ್ಪ. ಪ್ರತಿ ವರ್ಷದ ಲೆಕ್ಕದಲ್ಲೂ ಸ್ವಲ್ಪ ಸ್ವಲ್ಪ ಏರುತ್ತಿತ್ತು.

ತಪ್ಪು ಹುಡುಕಲು ಒಂದು ವಾರ ಸಿಕ್ಕಿತು. ಸಿಗಲಿಲ್ಲ. ಲೈಬ್ರರಿ ಬರೆದ ಹೊರದೇಶದ ಗುಂಪಿಗೆ ನಮ್ಮ ಫಲಿತಾಂಶ ಕಳಿಸಬೇಕಾದ ದಿನ ಹತ್ತಿರವಾಗಿತ್ತು. ಪ್ರೊಫೆಸರ್ ಎಲ್ಲರನ್ನೂ ಕರೆದರು. ಮೇಜಿನ ಒಂದು ಕಡೆ ನಾನು, ಇಬ್ಬರು ವಿದ್ಯಾರ್ಥಿಗಳು. ಎದುರಿಗೆ ಸರ್, ಎಂದಿನಂತೆ ನೋಟ್‌ಬುಕ್ ಮೇಲೆ ಕೈಯಿಟ್ಟುಕೊಂಡು.

"ಎಲ್ಲಿ ತಪ್ಪಿದೆ ಶೈಲಾ?" ಪ್ರೊಫೆಸರ್ ಕೇಳಿದರು.

ನನ್ನ ಕಾಂಟ್ರಾಕ್ಟು ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಅದಕ್ಕೂ ಮುಂಚೆ ಎರಡು ಕೆಲಸ ಆರಾರು ತಿಂಗಳಿಗೇ ಕೈಬಿಟ್ಟಿದ್ದವು. ಈ ಕೆಲಸ ನನಗೆ ಬೇಕಿತ್ತು, ಪ್ರಾಣದಷ್ಟು ಬೇಕಿತ್ತು. ನಾನಂದೆ: "ಲೈಬ್ರರಿ ಎಲ್ಲಾ ಕಡೆ ಪರೀಕ್ಷೆ ಆಗಿರೋದು ಸರ್. ಜೋಡಣೆ ಎಲ್ಲಾ ನಾನು ನೋಡಿದೀನಿ. ಉಳಿದಿರೋದು ಮುಳುಗೋ ಭಾಗ ಒಂದೇ."

ಜೋಡಣೆ ಎಲ್ಲಾ ನಾನು ನೋಡಿರಲಿಲ್ಲ. ಮುಕ್ಕಾಲು ನೋಡಿದ್ದೆ. ಉಳಿದ ಕಾಲು ಭಾಗ ಸರಿಯಾಗಿಯೇ ಇರುತ್ತದೆ ಎಂದುಕೊಂಡಿದ್ದೆ.

ಸರ್ ನಿಧಾನವಾಗಿ, "ಹಳೇ ಮಾಡೆಲ್ಲಲ್ಲಿ ಮೊತ್ತ ಸರಿ ಬರ್ತಿತ್ತಲ್ಲ" ಅಂದರು.

"ಆಗ ನಾವು ಇಷ್ಟು ಸೂಕ್ಷ್ಮವಾಗಿ ನೋಡ್ತಿರಲಿಲ್ಲ ನಾಗಭೂಷಣ. ಈ ಭಾಗ ಮೊದಲಿಂದ ಹೀಗೇ ಇದ್ದಿದ್ರೆ?" ಪ್ರೊಫೆಸರ್ ಕೆಟ್ಟವರಲ್ಲ. ಹೆದರಿದ್ದರು. "ಹಾಗಿದ್ರೆ ನಮ್ಮ ಹಳೇ ಪೇಪರುಗಳ ಗತಿ ಏನು?"

ಸರ್ ನೋಟ್‌ಬುಕ್ ತೆರೆದರು, ಏನನ್ನೋ ಹುಡುಕಿದರು, ಮತ್ತೆ ಮುಚ್ಚಿದರು. "ಟೈಮ್ ಕೊಡಿ ಸರ್, ನೋಡ್ತೀನಿ" ಅಂದರು.

ಆ ದಿನದಿಂದ ಅವರು ಬಸ್ಸಿನಲ್ಲಿ ಮಾತು ಕಡಿಮೆ ಮಾಡಿದರು. ಕೋಪದಿಂದಲ್ಲ. ಮಡಿಲಲ್ಲಿ ಪ್ರಿಂಟೌಟು ಹರಡಿಕೊಂಡು ಪೆನ್ಸಿಲಿನಲ್ಲಿ ಒಂದೊಂದೇ ಸಾಲು ಗೀಚುತ್ತಾ ಬರುತ್ತಿದ್ದರು. ನನ್ನ ಸ್ಟಾಪು ಬಂದಾಗ ತಲೆಯೆತ್ತಿ, "ಹುಷಾರಮ್ಮ, ಜಾರತ್ತೆ" ಅನ್ನೋರು. ಆಗಸ್ಟ್ ಮೊದಲ ವಾರ ಪ್ರೊಫೆಸರ್ ತಮ್ಮ ಶಿಫಾರಸನ್ನು ವಾಪಸು ತರಿಸಿಕೊಂಡರು ಎಂದು ಆಫೀಸಿನಲ್ಲಿ ಸುದ್ದಿಯಾಯಿತು. ಒಂದು ಬೆಳಿಗ್ಗೆ ಸರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. ಕಣ್ಣು ಒಳಗೆ ಹೋಗಿದ್ದವು.

"ಸಿಗ್ತಿಲ್ಲ ಶೈಲಾ. ಮೂರು ಸಲ ಮೊದಲಿಂದ ಮಾಡ್ದೆ. ನಂಗೆ ಕಾಣ್ತಿಲ್ಲ. ಆದ್ರೆ ಇರ್ಬೇಕು. ವಯಸ್ಸಾಯ್ತು ನೋಡು, ನಾನು ಬರೆದಿದ್ದು ನಂಗೇ ಕಾಣ್ತಿಲ್ಲ."

ಇನ್ನೊಂದು ಸಲ ನನ್ನ ಕಡೆಯೂ ನೋಡುತ್ತೇನೆ ಸರ್ ಎಂದು ಹೇಳಬಹುದಿತ್ತು. "ರಜ ತಗೊಳ್ಳಿ ಸರ್, ಸ್ವಲ್ಪ ರೆಸ್ಟ್ ಮಾಡಿ" ಅಂದೆ. ಅವರು ಹಾಗೇ ಮಾಡಿದರು. ಎರಡು ವಾರ ರಜ ಹಾಕಿದರು.

ಅವರ ರಜದ ಮೊದಲ ಶುಕ್ರವಾರ ಬೆಳಿಗ್ಗೆಯಿಂದಲೇ ಮಳೆ. ಅರ್ಧ ಆಫೀಸು ಬಂದಿರಲಿಲ್ಲ. ನಾನು ಸುಮ್ಮನೆ ಕೂತಿದ್ದವಳು ಒಂದೊಂದನ್ನೇ ತೆಗೆದು ಮಾಡೆಲ್ ಓಡಿಸುತ್ತಿದ್ದೆ. ಗಾಳಿ ಇಲ್ಲದೆ ಓಡಿಸಿದೆ. ಬಿಸಿಲಿಲ್ಲದೆ ಓಡಿಸಿದೆ. ಸಾರಜನಕ ಏರುತ್ತಲೇ ಇತ್ತು. ಮಳೆ ಇಲ್ಲದೆ ಓಡಿಸಿದೆ. ಮೊತ್ತದ ಗೆರೆ ನೆಟ್ಟಗೆ, ಮೇಜಿನ ಅಂಚಿನ ಹಾಗೆ ನೆಟ್ಟಗೆ ಬಂತು.

ಮುಳುಗುವ ಭಾಗಕ್ಕೂ ಮಳೆಗೂ ಸಂಬಂಧವೇ ಇಲ್ಲ. ಸಮುದ್ರದ ಮೇಲೆ ಮಳೆ ಬಿದ್ದರೆ ಮೇಲಿನ ಪದರ ಒಂದು ಎಳೆ ದಪ್ಪವಾಗುತ್ತದೆ, ಅದರಲ್ಲಿರುವುದು ಅಷ್ಟು ತೆಳುವಾಗಬೇಕು. ನಾನು ಲೈಬ್ರರಿಗೆ ಅಂಕಿಗಳನ್ನು ಒಪ್ಪಿಸುವ ಜಾಗದಲ್ಲಿ ಪದರದ ಹಳೇ ದಪ್ಪವನ್ನೇ ಕೊಡುತ್ತಿದ್ದೆ. ಹೊಸ ದಪ್ಪದ ಲೆಕ್ಕ ಅದರ ಮುಂದಿನ ಸಾಲಿನಲ್ಲಿತ್ತು. ಎರಡು ಸಾಲು ಹಿಂದೆಮುಂದೆ, ಅದಕ್ಕೇ ತೆಳುವಾಗಬೇಕಾದ್ದು ತೆಳುವಾಗದೆ ಮೊತ್ತ ಏರುತ್ತಿತ್ತು. ಹಳೇ ಪ್ರೋಗ್ರಾಮಿನ ಪ್ರತಿ ತೆಗೆದು ನೋಡಿದೆ. ಅದೇ ಜಾಗದಲ್ಲಿ ಸರ್ ಟಿಪ್ಪಣಿ ಬರೆದಿದ್ದರು: "ದಪ್ಪ ಮೊದಲು, ಆಮೇಲೆ ಉಳಿದದ್ದು. ಮರೆಯಬೇಡಿ." ಕನ್ನಡದ ಟಿಪ್ಪಣಿ ಹೊಸ ಪ್ರೋಗ್ರಾಮಿನಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಜೂನ್‌ನಲ್ಲಿ ನಾನೇ ಅದನ್ನು ಅಳಿಸಿದ್ದೆ.

ಎರಡು ಸಾಲು ಅದಲುಬದಲು ಮಾಡಿದೆ. ಮಳೆ ಹಾಕಿ ಓಡಿಸಿದೆ. ಮೊತ್ತ ಅಲುಗಲಿಲ್ಲ.

ಪ್ರೊಫೆಸರ್ ಕೋಣೆಗೆ ಹೋಗಿ, "ಸರಿ ಹೋಯ್ತು ಸರ್" ಅಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಹೌದಾ! ಆ ಮುಳುಗೋ ಭಾಗ ಸರಿ ಮಾಡಿದ್ಯಾ?"

"ಹೂಂ ಸರ್."

ಅಷ್ಟೇ ನಾನು ಹೇಳಿದ್ದು. ಎಷ್ಟೋ ಸಲ ಅಂದುಕೊಂಡಿದ್ದೇನೆ, ಅವರು ಬೇರೆ ರೀತಿ ಕೇಳಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆನೇನೋ ಎಂದು. ಅದು ನನಗೆ ನಾನೇ ಹೇಳಿಕೊಳ್ಳುವ ಸಮಾಧಾನ. ಅವರ ಮುಖದಲ್ಲಿ ಕಂಡ ಸಂತೋಷ ಕಳೆದುಕೊಳ್ಳಲು ನನಗೆ ಧೈರ್ಯವಿರಲಿಲ್ಲ. "ವೆರಿ ಗುಡ್ ಶೈಲಾ. ನಿನ್ನ ರಿನ್ಯೂವಲ್ಲಿಗೆ ಇವತ್ತೇ ಬರೀತೀನಿ" ಅಂದರು.

ಸರ್ ರಜದಿಂದ ಬಂದ ಮೇಲೆ ಹೇಳೋಣ ಎಂದುಕೊಂಡೆ. ಫೋನಿನಲ್ಲಿ ಹೇಳುವ ವಿಷಯವಲ್ಲ ಎಂದುಕೊಂಡೆ. ಸೋಮವಾರ, ಮಂಗಳವಾರ, ಬುಧವಾರ. ಊಟ ಸೇರುತ್ತಿರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿ ಜ್ವರವಿಲ್ಲವಲ್ಲ ಎಂದಳು. ಮುಂದಿನ ಶನಿವಾರ ಬೆಳಿಗ್ಗೆ ತಡೆಯಲಾರದೆ ಬಸವನಗುಡಿಗೆ ಹೋದೆ.

ಸರೋಜಮ್ಮ ಬಾಗಿಲು ತೆಗೆದರು. ಸರ್ ಹೆಂಡತಿ. ಒಂದೆರಡು ಸಲ ನೋಡಿದ್ದೆ. "ಬಾಮ್ಮ, ಇವರು ನಿನ್ನ ಹೆಸರು ಹೇಳ್ತಿರ್ತಾರೆ" ಎಂದು ಕಾಫಿ ತರಲು ಒಳಗೆ ಹೋದರು. ಸರ್ ವರಾಂಡದಲ್ಲಿ ಬೆತ್ತದ ಕುರ್ಚಿಯಲ್ಲಿದ್ದರು, ಪೇಪರ್ ಇಲ್ಲ, ಪುಸ್ತಕವಿಲ್ಲ, ಬೀದಿ ನೋಡುತ್ತಾ. ಒಳಗೆ ಗೋಡೆಯ ಕಪಾಟಿನ ಎರಡು ಅರೆಗಳು ಖಾಲಿಯಾಗಿ ಒರೆಸಿದ ಗುರುತು ಕಾಣುತ್ತಿತ್ತು.

ನಿಂತುಕೊಂಡೇ ಹೇಳಿದೆ. ಮಳೆ, ದಪ್ಪ, ಎರಡು ಸಾಲು. ನಿಮ್ಮದರಲ್ಲಿ ಏನೂ ತಪ್ಪಿರಲಿಲ್ಲ ಸರ್, ತಪ್ಪು ನನ್ನದು ಅಂದೆ.

ಅವರು ಕುರ್ಚಿಯ ತೋಳು ಹಿಡಿದು ಮುಂದಕ್ಕೆ ಬಾಗಿದರು. ಆಮೇಲೆ, "ಮಳೆ ತೆಗೆದಾಗ ನೆಟ್ಟಗೆ ಬಂತಾ?" ಎಂದು ಕೇಳಿದರು.

"ಬಂತು ಸರ್."

"ಪೂರ್ತಿ?"

"ಪೂರ್ತಿ."

"ಯಾವತ್ತು?"

"ಹೋದ ವಾರ, ಶುಕ್ರವಾರ."

ಅವರು ಎದ್ದರು. ಒಳಗೆ ತಿರುಗಿ, "ಸರೋಜಾ, ಆ ಪೇಪರ್‌ನವನು ಎಲ್ಲಿಯವನು?" ಅಂದರು.

"ಯಾವ ಪೇಪರ್‌ನವನು?"

"ಮಂಗಳವಾರ ಪುಸ್ತಕ ಹಾಕಿದ್ವಲ್ಲ!"

ಆಗ ನನಗೆ ಗೊತ್ತಾಯಿತು. ತಪ್ಪು ಲೆಕ್ಕ ಮನೆಯಲ್ಲಿಟ್ಟುಕೊಂಡು ಏನು ಮಾಡುವುದು ಎಂದು ಅವರು ಹನ್ನೊಂದೂ ನೋಟ್‌ಬುಕ್ಕನ್ನು ತಳ್ಳುಗಾಡಿಯವನಿಗೆ ಹಾಕಿಬಿಟ್ಟಿದ್ದರು. ಸರೋಜಮ್ಮ ಬೇಡವೆಂದರಂತೆ. "ಇದನ್ನ ಯಾರಾದ್ರೂ ನಂಬಿ ಇನ್ನೊಂದು ತಪ್ಪು ಮಾಡೋದು ಬೇಡ" ಅಂದರಂತೆ.

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ನಾನು ಹಿಂದೆ ಓಡಿದೆ. ಗಾಡಿಯವನು ಗಾಂಧಿ ಬಜಾರಿನ ಕೊನೆಯಲ್ಲಿ ಸಿಕ್ಕಿದ. ಅವನು ಚಾಮರಾಜಪೇಟೆಯ ಅಂಗಡಿಯೊಂದಕ್ಕೆ ಹಾಕುತ್ತಾನಂತೆ. ಆಟೋದಲ್ಲಿ ಕೂತಾಗ ಮಳೆ ಶುರುವಾಯಿತು. ಆಟೋದ ಪಕ್ಕದ ಪರದೆ ಹಾರಿ ಹಾರಿ ಅವರ ಶರಟು ಒದ್ದೆಯಾಗುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ.

ಅಂಗಡಿಯಲ್ಲಿ ದಪ್ಪನೆಯ ಹೆಂಗಸೊಬ್ಬರು ತಕ್ಕಡಿಯ ಮುಂದೆ ಕೂತಿದ್ದರು. ಸರ್ ಹೇಳಿದ್ದನ್ನು ತಾಳ್ಮೆಯಿಂದ ಕೇಳಿದರು.

"ಬರೆದಿರೋ ಪುಸ್ತಕನಾ ಸ್ವಾಮಿ? ಕೆಂಪು ರಟ್ಟು? ಬಂದಿತ್ತು. ರಟ್ಟು ಕಿತ್ತು ಬೇರೆ ಹಾಕ್ತೀವಿ. ಗುರುವಾರ ಮಿಲ್ಲಿನ ಲಾರಿ ಬಂತಲ್ಲ, ಅದಕ್ಕೆ ಹೋಯ್ತು. ಸ್ವಲ್ಪ ತರಗುಪೇಟೆಯವರು ಪೊಟ್ಟಣಕ್ಕೆ ಅಂತ ತಗೊಂಡೋದ್ರು." ಆಮೇಲೆ ಸರ್ ಮುಖ ನೋಡಿ, "ಮುಖ್ಯವಾದ್ದಾ?" ಎಂದು ಮೆತ್ತಗೆ ಕೇಳಿದರು.

"ಅಲ್ಲ, ಸುಮ್ನೆ ಕೇಳಿದೆ" ಅಂದರು ಸರ್.

ಸೂರಿನಡಿ ನಿಂತು ಅಲ್ಲಿದ್ದ ಕಟ್ಟುಗಳನ್ನೆಲ್ಲ ತಡಕಿದೆವು. ಹಿಟ್ಟಿನಂತಾದ ಒದ್ದೆ ಕಾಗದ ಬೆರಳಿಗೆ ಅಂಟುತ್ತಿತ್ತು. ರಟ್ಟುಗಳ ರಾಶಿಯಲ್ಲಿ ಎರಡು ಕೆಂಪು ರಟ್ಟು ಸಿಕ್ಕವು. ಒಳಗೆ ಏನೂ ಇರಲಿಲ್ಲ. ಅಲ್ಲಿಂದ ತರಗುಪೇಟೆಗೆ ನಡೆದೇ ಹೋದೆವು, ಕಲಾಸಿಪಾಳ್ಯದ ಕೊಳೆತ ಸೊಪ್ಪು, ಕೆಸರು ತುಳಿದುಕೊಂಡು. ಲಾರಿಗಳ ನಡುವೆ ಅವರು ನನಗಿಂತ ಮುಂದೆ, ತಿರುಗಿ ನೋಡದೆ ಹೋಗುತ್ತಿದ್ದರು. ಮೂಟೆ ಹೊತ್ತವರು ದಾರಿ ಬಿಡಿ ಎಂದು ಕೂಗಿದರೂ ಅವರಿಗೆ ಕೇಳಿಸಲಿಲ್ಲ. ನಾನು ಓಡಿಹೋಗಿ ತೋಳು ಹಿಡಿದು ಪಕ್ಕಕ್ಕೆ ಎಳೆದೆ. ಅವರು ತೋಳು ಬಿಡಿಸಿಕೊಂಡರು.

ಒಂದು ಸಾಂಬಾರ ಪದಾರ್ಥದ ಅಂಗಡಿಯಲ್ಲಿ ಹಾಳೆಗಳನ್ನು ತಂತಿಗೆ ಚುಚ್ಚಿ ನೇತುಹಾಕಿದ್ದರು. ಅಂಗಡಿಯವರು ನೋಡಿಕೊಳ್ಳಿ ಎಂದು ತಂತಿಯನ್ನೇ ಕೆಳಗಿಳಿಸಿ ಕೊಟ್ಟರು. ಸರ್ ಒಂದೊಂದೇ ಹಾಳೆ ತಿರುಗಿಸಿ ನೋಡಿದರು. ಯಾವುದೋ ಶಾಲೆ ಮಕ್ಕಳ ಹಾಳೆಗಳು. ಸಮಾಜ ವಿಜ್ಞಾನ, ಕಾಪಿ ಬರಹ, ಭಾಗಾಕಾರ. ಭಾಗಾಕಾರದ ಹಾಳೆಯಲ್ಲಿ ಟೀಚರು ಕೆಂಪು ಇಂಕಿನಲ್ಲಿ ಅಡ್ಡ ಗೀಟು ಹಾಕಿದ್ದರು. ಸರ್ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಇನ್ನೂ ಮೂರು ಅಂಗಡಿ ನೋಡಿದೆವು. ಅವರ ಅಕ್ಷರ ಎಲ್ಲೂ ಸಿಗಲಿಲ್ಲ.

ಕೊನೆಗೆ ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತರು. ಎದುರಿಗೆ ತೊಗರಿಬೇಳೆ ಮೂಟೆಗಳನ್ನು ಟಾರ್ಪಾಲಿನಡಿ ಜೋಡಿಸುತ್ತಿದ್ದರು. ಸರ್ ಬಿಳಿ ಶರಟಿನ ತುಂಬ ಅರಿಶಿನ, ಕೆಸರು. ಅವರು ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದರೆ ಕಾಲು ಹಿಡಿಯೋಣ ಎಂದಿದ್ದೆ.

"ನೀನು ತಪ್ಪು ಮಾಡಿದ್ದಕ್ಕೆ ನಂಗೇನೂ ಇಲ್ಲ" ಅಂದರು. "ನಾನೂ ಬೇಕಾದಷ್ಟು ಮಾಡಿದೀನಿ. ಈ ಇಪ್ಪತ್ತು ದಿನ ನನ್ನ ತಲೆ ಕೆಟ್ಟಿದೆ ಅಂತ ನಾನೇ ನಂಬಿಬಿಟ್ಟಿದ್ದೆ. ಅದಕ್ಕೂ ಏನೂ ಇಲ್ಲ." ಚಪ್ಪಲಿ ಕಳಚಿ ಕಟ್ಟೆಗೆ ಬಡಿದು ಕೆಸರು ಉದುರಿಸಿದರು. "ಶುಕ್ರವಾರವೇ ಹೇಳಿದ್ರೆ ಸಾಕಿತ್ತು."

ಅವರು ನನ್ನೊಡನೆ ಆಡಿದ ಕೊನೆಯ ದೊಡ್ಡ ಮಾತು ಅದು.

ಸೋಮವಾರ ನಾನು ಸಭೆಯಲ್ಲಿದ್ದ ಎಲ್ಲರಿಗೂ, ಹೊರದೇಶದ ಗುಂಪಿಗೂ ಕಾಗದ ಬರೆದೆ. ನಡೆದದ್ದು ನಡೆದ ಹಾಗೆ, ಆ ಶುಕ್ರವಾರದಿಂದ ಮುಂದಿನ ಶನಿವಾರದವರೆಗೆ ಮುಚ್ಚಿಟ್ಟದ್ದೂ ಸೇರಿ. ಪ್ರೊಫೆಸರ್ ಕರೆದು ಕಾಗದವನ್ನು ನನ್ನ ಮುಂದೆಯೇ ಎರಡು ಸಲ ಓದಿದರು. "ನಾನೂ ಕೇಳ್ಬೇಕಿತ್ತು. ಅವರನ್ನ ಒಂದು ಮಾತು ಸರಿಯಾಗಿ ಕೇಳ್ಬೇಕಿತ್ತು" ಎಂದು ಕಿಟಕಿ ಕಡೆ ತಿರುಗಿದರು. ಮತ್ತೆ ಶಿಫಾರಸು ಬರೆದರು. ಸರ್ ಮನೆಗೂ ಹೋಗಿ ಕ್ಷಮೆ ಕೇಳಿ ಬಂದರಂತೆ. ಸರ್ ಬೇಡವೆಂದರು. ಇನ್ನು ಆ ಕೆಲಸ ನನ್ನಿಂದಾಗದು ಎಂದರಂತೆ.

ನನ್ನ ಕಾಂಟ್ರಾಕ್ಟು ಮಾತ್ರ ಮುಂದುವರಿಯಿತು. ಲೈಬ್ರರಿ ಗೊತ್ತಿದ್ದವಳು ನಾನೊಬ್ಬಳೇ ಆಗಿದ್ದೆ.

ಸೆಪ್ಟೆಂಬರ್ ಕೊನೆಯ ದಿನ ಬೀಳ್ಕೊಡುಗೆ. ಸರ್ ಬಂದರು, ಹಾರ ಹಾಕಿಸಿಕೊಂಡರು, ಎಲ್ಲರಿಗೂ ವಂದನೆ ಎಂದು ಎರಡು ಮಾತಾಡಿ ಕೂತರು. ಸಂಜೆ ನಾನು ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದಾಗ ಅವರು ಗೇಟಿನಿಂದ ಹೊರಗೆ ಬಂದು, ನನ್ನನ್ನು ನೋಡಿ, ತಲೆಯಾಡಿಸಿ, ಒಂದು ಆಟೋ ಕೈ ಮಾಡಿ ನಿಲ್ಲಿಸಿ ಹತ್ತಿ ಹೋದರು. ಅಷ್ಟು ವರ್ಷದಲ್ಲಿ ಅವರು ಆಟೋದಲ್ಲಿ ಮನೆಗೆ ಹೋದದ್ದು ಅದೇ ಮೊದಲು.

ಒಂದು ವರ್ಷ ಆ ಕೋಣೆಯಲ್ಲಿ ಕೆಲಸ ಮಾಡಿದೆ. ಮಾಡೆಲ್ ಚೆನ್ನಾಗಿ ಓಡಿತು. ಪ್ರಬಂಧ ಬಂತು. ಅದರಲ್ಲಿ ಅವರ ಹೆಸರನ್ನು ಮೊದಲು ಹಾಕಬೇಕೆಂದು ನಾನು ಕೇಳಿದೆ, ಪ್ರೊಫೆಸರ್ ಒಪ್ಪಿದರು. ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದಕ್ಕೆ ಉತ್ತರ ಬರಲಿಲ್ಲ. ಆಮೇಲೆ ಕೆಲಸ ಬಿಟ್ಟು ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿಕೊಂಡೆ.

ಎರಡು ವರ್ಷ ಕಳೆದ ಮೇಲೆ, ಸಂಸ್ಥೆಯ ಹಳೇ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ ಸರ್ ಹೋಗಿಬಿಟ್ಟರು ಎಂದ. ನಿದ್ದೆಯಲ್ಲೇ, ಹೃದಯ ನಿಂತಿತ್ತಂತೆ. ವೈಕುಂಠ ಸಮಾರಾಧನೆ ಎಲ್ಲಾ ಮುಗಿದ ಮೇಲೆ ನಾನು ಬಸವನಗುಡಿಗೆ ಹೋದೆ.

ಸರೋಜಮ್ಮ ಕೂರಿಸಿ ಮಾತಾಡಿಸಿದರು. ಇಷ್ಟು ದಿನವಾದರೂ ಕೇಳಲಾಗದ ಪ್ರಶ್ನೆ ನನ್ನ ಬಾಯಲ್ಲಿ ಬಂದೇಬಿಟ್ಟಿತು. "ಅಮ್ಮಾ, ಸರ್ ನನ್ನ ಬಗ್ಗೆ ಏನಾದ್ರೂ ಅಂತಿದ್ರಾ?"

ಅವರು ಯೋಚಿಸಿ, ನಿಜವನ್ನೇ ಹೇಳಿದರು. "ಬೈದಿದ್ದಂತೂ ನಾನು ಕೇಳಿಲ್ಲಮ್ಮ. ಆದ್ರೆ ನಿನ್ನ ಹೆಸರು ಬಂದ್ರೆ ಎದ್ದು ಹೋಗಿಬಿಡೋರು."

ಆಮೇಲೆ ಒಳಗಿನಿಂದ ಒಂದು ನೋಟ್‌ಬುಕ್ ತಂದುಕೊಟ್ಟರು. ಹೊಸದು, ನೀಲಿ ರಟ್ಟಿನದು. "ರಿಟೈರ್ ಆದ್ಮೇಲೆ ಮತ್ತೆ ಮೊದಲಿಂದ ಬರೀತೀನಿ ಅಂತ ತಂದ್ರು. ನಾಲ್ಕು ಪುಟ ಆಯ್ತು. ಆಮೇಲೆ ಎಷ್ಟು ದಿನ ಕೂತ್ರೂ ಮುಂದಕ್ಕೆ ಹೋಗ್ಲಿಲ್ಲ. ಹಿಂದಿನ ಪುಟಾನೇ ತಿರುಗಿಸ್ತಾ ಕೂತಿರೋರು. ಇದರಲ್ಲಿ ಎಲ್ಲೋ ತಪ್ಪಿದೆ ಸರೋಜಾ, ಅನ್ನೋರು. ನಂಗೇನು ತಿಳಿಯತ್ತೆ? ನೀನು ಓದಿದವಳು. ನೋಡಿ ಹೇಳಮ್ಮ, ತಪ್ಪಿದೆಯಾ?"

ಅದೇ ಓರೆ ಅಕ್ಷರ. ಪದರ, ದಪ್ಪ, ಮುಳುಗುವ ಕಣ. ಮೊದಲ ಎರಡು ಪುಟ ಸಲೀಸಾಗಿ ಸಾಗಿತ್ತು. ಮೂರನೇ ಪುಟದ ಮಧ್ಯೆ, ಕೂಡುವ ಗುರುತು ಇರಬೇಕಾದ ಕಡೆ ಕಳೆಯುವ ಗುರುತಿತ್ತು. ಅಲ್ಲಿಂದ ಮುಂದೆ ಎರಡು ಕಡೆಯೂ ಸಮವಾಗುತ್ತಲೇ ಇರಲಿಲ್ಲ. ನಾಲ್ಕನೇ ಪುಟದ ತುಂಬ ಹೊಡೆದುಹಾಕಿದ ಸಾಲುಗಳು. ಪೆನ್ಸಿಲು ಒತ್ತಿ ಕಾಗದ ಹರಿದಿತ್ತು.

ಸರೋಜಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲಮ್ಮ" ಅಂದೆ. "ಎಲ್ಲಾ ಸರಿಯಾಗೇ ಇದೆ."

ಅವರು ಉಸಿರು ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ನೋಟ್‌ಬುಕ್ಕನ್ನು ವಾಪಸು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.